ಬಚ್ಚಲುಮನೆ ಹಿಂದಿನ ಅಳಿಯ

ಹಣ್ಣು ಬಿಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಒಂದು ಗಿಡವನ್ನು ಮನೆಯಿಂದ ಹೊರಗೆ ಹಾಕಿದೆ. ನಾನು ಸೊಸೆಯಾಗಿ ಬಂದಾಗಿನಿಂದ, ಅಂದರೆ ಇಪ್ಪತ್ತೆರಡು ವರ್ಷ, ಅದು ನಮ್ಮ ಬಚ್ಚಲುಮನೆಯ ಹಿಂದೆ, ಸೌದೆ ಒಟ್ಟಿದ ಗೋಡೆಗೆ ಒರಗಿಕೊಂಡು ಒಂದು ಒಡಕು ಪ್ಲಾಸ್ಟಿಕ್ ಕುಂಡದಲ್ಲಿ ನಿಂತಿತ್ತು. ಅಷ್ಟೂ ವರ್ಷ ಒಂದು ಕಾಳು ಹಣ್ಣನ್ನೂ ತೋರಿಸಲಿಲ್ಲ. ನಾನೋ ಸೇಬು ಬೆಳೆಯುವವರ ಮನೆಯ ಮಗಳು. ಫಲ ಬಿಡದ ಗಿಡ ಕಂಡರೆ ನಮ್ಮ ಕಡೆಯವರ ಕೈ ತಾನಾಗಿಯೇ ಕೊಡಲಿಗೆ ಹೋಗುತ್ತದೆ.

ಮದುವೆಯಾಗಿ ಬಂದ ಈ ಮನೆಯಲ್ಲಿ ತಿನ್ನುವ ಗಿಡ ಒಂದೂ ಇರಲಿಲ್ಲ. ಅಂಗಳದ ಹಲಗೆಗಳ ಮೇಲೆ ಮಾವನ ಬೋನ್ಸಾಯ್ ಕುಂಡಗಳು, ನಲವತ್ತಕ್ಕೆ ಕಡಿಮೆಯಿಲ್ಲ. ಅವಕ್ಕೆ ನೀರು ಹಾಕುವುದು, ಚಿವುಟುವುದು, ತಂತಿ ಸುತ್ತುವುದು, ಸುತ್ತಿದ ತಂತಿಯನ್ನು ಮತ್ತೆ ಬಿಚ್ಚುವುದು. ಮೊದಮೊದಲು ನನಗೆ ಇದೆಲ್ಲ ಕೆಲಸವಿಲ್ಲದವರ ಕೆಲಸವಾಗಿ ಕಾಣುತ್ತಿತ್ತು. ಆದರೆ ನಡುವಿನ ಹಲಗೆಯ ಮೇಲಿದ್ದ ಉಮೆಮೊದೊಕಿ ಎಂಬ ಗಿಡದ ವಿಷಯದಲ್ಲಿ ಮಾತ್ರ ನನ್ನ ಬಾಯಿಗೂ ಬೀಗ ಬಿದ್ದಿತ್ತು. ಮೊಳದುದ್ದದ ಗಿಡ ಅದು. ಬೇಸಿಗೆಯಲ್ಲಿ ನೋಡಿದರೆ ಏನೂ ಅಲ್ಲ. ಅಕ್ಟೋಬರ್ ಬಂತೆಂದರೆ ಎಲೆಗಳು ಒಂದೊಂದಾಗಿ ಹಳದಿಗೆ ತಿರುಗಿ, ಎಲೆಯ ಬುಡದಲ್ಲಿ ಅಡಗಿದ್ದ ಹಣ್ಣುಗಳು ಕೆಂಪಾಗುತ್ತ ಬರುತ್ತಿದ್ದವು. ಆಮೇಲೆ ಒಂದು ದಿನ ಹಿಮ ಬಿದ್ದ ಬೆಳಗ್ಗೆ ಎಲೆಗಳೆಲ್ಲ ಒಟ್ಟಿಗೆ ಉದುರಿಹೋಗಿ, ಬರೀ ಕಡ್ಡಿಗಳ ಮೇಲೆ ಆ ಕೆಂಪು ಮಾತ್ರ ನಿಂತಿರುತ್ತಿತ್ತು. ಅಂಥ ಬೆಳಗುಗಳಲ್ಲಿ ನಾನು ಕೆಲಸಕ್ಕೆ ಹೊರಟವಳು ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ನಿಂತುಬಿಡುತ್ತಿದ್ದೆ, ಬಸ್ಸು ತಪ್ಪಿಸಿಕೊಳ್ಳುತ್ತಿದ್ದೆ.

ಮಾವ ತೊಕುಜಿ ಈ ಮನೆಗೆ ಮನೆಅಳಿಯನಾಗಿ ಬಂದವರು. ತಮ್ಮ ಮನೆತನದ ಹೆಸರು ಬಿಟ್ಟು ಅತ್ತೆಯ ಮನೆತನದ ಹೆಸರು ಹೊತ್ತುಕೊಂಡವರು. ನಮ್ಮ ಊರಿನಲ್ಲಿ ಅಂಥವರನ್ನು ಸಾಯುವವರೆಗೂ ಚುಡಾಯಿಸುತ್ತಾರೆ, ಅವರೂ ಸಾಯುವವರೆಗೂ ನಗುತ್ತಾರೆ. ಅತ್ತೆ ಇಸೊ ಮಾತು ಕಡಿಮೆಯ ಹೆಂಗಸು. ಬೋನ್ಸಾಯ್ ಹಲಗೆಗಳ ಹತ್ತಿರ ಅವರು ಸುಳಿದದ್ದನ್ನೂ ನಾನು ಕಂಡಿಲ್ಲ. ಸೌದೆ, ಬಚ್ಚಲು, ಉಪ್ಪಿನಕಾಯಿ ಜಾಡಿ, ಇಷ್ಟು ಅವರ ರಾಜ್ಯ.

ಮಾವನಿಗೆ ಎರಡು ಚಟ. ಒಂದು, ಸ್ನಾನದ ನೀರು ಬಿಸಿಯಾಯಿತೆಂದು ಗೊಣಗುವುದು. ನೀರು ಉಗುರುಬೆಚ್ಚಗಿದ್ದರೂ "ಕೋಳಿ ಬೇಯಿಸ್ತಿದ್ದೀರೇನ್ರೇ?" ಎಂದು ಒಳಗಿನಿಂದ ಕೂಗುತ್ತಿದ್ದರು. ಇನ್ನೊಂದು, ಪ್ರತಿವರ್ಷ ಜೂನ್ ತಿಂಗಳ ಜಡಿಮಳೆ ಹಿಡಿದಾಗ ಮೂರು ದಿನ ಬೆಟ್ಟದ ಆಚೆಯ ಬಿಸಿನೀರಿನ ಬುಗ್ಗೆಗೆ ಹೋಗಿ ಉಳಿದು ಬರುವುದು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಬರಲಿಲ್ಲ.

ಅತ್ತೆ ತೀರಿಕೊಂಡದ್ದು ನವೆಂಬರಿನಲ್ಲಿ. ಉಮೆಮೊದೊಕಿ ಆಗ ಮೈತುಂಬ ಕೆಂಪಾಗಿತ್ತು. ಮಾವ ಅದನ್ನು ಅತ್ತೆಯ ತಲೆಯ ಹತ್ತಿರ ಇಟ್ಟರು, ಹೂವು ಬೇಡ ಎಂದರು. ಡಿಸೆಂಬರಿನಲ್ಲಿ ಅವರ ಕಣ್ಣಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದ ವಾರವೇ ನನಗೆ ಶುಚಿ ಮಾಡುವ ಹುಚ್ಚು ಹಿಡಿಯಿತು. ವರ್ಷದ ಕೊನೆಗೆ ಮನೆಯ ಮೂಲೆಮೂಲೆಯನ್ನೂ ತೊಳೆಯುವುದು ನಮ್ಮಲ್ಲಿ ಇದ್ದದ್ದೇ. ಅದರ ಮೇಲೆ ನಲವತ್ತೊಂಬತ್ತನೇ ದಿನದ ಪೂಜೆಗೆ ಭಿಕ್ಷುಗಳು ಬರುವವರಿದ್ದರು. ನನ್ನ ಗಂಡ ಲಾರಿಯ ಮೇಲೆ ಊರೂರು ಅಲೆಯುವವರು, ಅವರು ಮನೆಯಲ್ಲಿರಲಿಲ್ಲ. ಅಳು ಬಂದಾಗಲೆಲ್ಲ ನಾನು ಏನಾದರೊಂದನ್ನು ತಿಕ್ಕಿದೆ. ಕೊನೆಗೆ ತಿಕ್ಕಲು ಏನೂ ಉಳಿಯದೆ ಬಚ್ಚಲುಮನೆಯ ಹಿಂದಕ್ಕೆ ಹೋದೆ. ಕಸ ಒಯ್ಯಲು ಬಂದಿದ್ದ ಗೊಂಡಾನ ಪುಟ್ಟ ಲಾರಿಗೆ ಕೊಳೆತ ಸೌದೆ, ಮುರಿದ ಬಕೆಟ್ಟು, ಆ ಬರಡು ಗಿಡ, ಎಲ್ಲವನ್ನೂ ಎತ್ತಿ ಹಾಕಿದೆ. ಅತ್ತೆ ನೋಡಿದ್ದರೆ ಮೆಚ್ಚುತ್ತಿದ್ದರು ಎಂದುಕೊಂಡೆ.

ಮರುವರ್ಷ ಉಮೆಮೊದೊಕಿ ಹಣ್ಣು ಬಿಡಲಿಲ್ಲ.

ಎಲೆ ಹಳದಿಯಾಯಿತು, ಉದುರಿತು, ಕಡ್ಡಿ ಉಳಿಯಿತು. ನಲವತ್ತು ವರ್ಷ ತಪ್ಪದೆ ಬಿಟ್ಟ ಗಿಡ. ನೋಡಲು ಬಂದ ನೆರೆಯವರು ಕೆಮ್ಮಿ, ಹವೆಯ ಮಾತಾಡಿ, ಚಹಾ ಕುಡಿದು ಎದ್ದುಹೋದರು. ಅತ್ತೆ ತೀರಿ ವರ್ಷ ತುಂಬಿದ ಪೂಜೆಯ ದಿನ ಮಾವ ಆ ಬೋಳು ಗಿಡವನ್ನೇ ನಡುಮನೆಯ ಅಲಂಕಾರದ ಗೂಡಿನಲ್ಲಿಟ್ಟು ಅದರ ಮುಂದೆ ಬಹಳ ಹೊತ್ತು ಕೂತರು.

"ಏನಾಯ್ತು ಮಾವ ಇದಕ್ಕೆ?" ಎಂದೆ.

"ಏನಿಲ್ಲ ಬಿಡು. ಅದಕ್ಕೂ ದುಃಖ ಇರಲ್ವಾ?"

ಆಮೇಲೆ ಅವರು ಹಲಗೆಗಳ ಹತ್ತಿರ ಹೋಗುವುದೇ ಕಡಿಮೆಯಾಯಿತು. ನೀರು ಹಾಕುವುದನ್ನು ನನಗೆ ಬಿಟ್ಟರು. ವಸಂತದಲ್ಲಿ ಒಂದು ಸಂಜೆ ಅನ್ನ ಕಲಸಿಕೊಳ್ಳುತ್ತ, "ಇಸೊಳ ಮೂರನೇ ವರ್ಷದ ಪೂಜೆ ಆಗ್ಲಿ ಹರುಯೊ. ಆಮೇಲೆ ಎಲ್ಲಾನೂ ಪೇಟೆ ವ್ಯಾಪಾರಿಗೆ ಕೊಟ್ಬಿಡೋಣ. ನಂಗೆ ಸಾಕು," ಎಂದರು. ಸತ್ತ ದಿನವನ್ನೇ ಒಂದೆಂದು ಎಣಿಸುವ ಲೆಕ್ಕ ನಮ್ಮದು, ಮೂರನೆಯದು ಆ ನವೆಂಬರಿಗೇ ಬರುತ್ತಿತ್ತು. ಅವರ ಧ್ವನಿಯಲ್ಲಿ ಬೇಸರ ಕೂಡ ಇರಲಿಲ್ಲ. ಕುಂಡಗಳನ್ನು ಕೊಟ್ಟುಬಿಟ್ಟರೆ ಈ ಮನುಷ್ಯ ಬೆಳಗ್ಗೆ ಎದ್ದು ಯಾರ ಮುಖ ನೋಡಬೇಕು?

ಜೂನ್ ಮೊದಲ ವಾರ ಪಕ್ಕದ ಮನೆಯ ಹಿಸಾನೊ ಅಜ್ಜಿ ಮಗಳ ಮನೆಯಿಂದ ವಾಪಸ್ ಬಂದರು. ಸೊಂಟದ ಮೂಳೆ ಮುರಿದುಕೊಂಡು ಒಂದೂವರೆ ವರ್ಷ ಅಲ್ಲಿದ್ದವರು, ಈಗ ನಾಲ್ಕು ಚಕ್ರದ ತಳ್ಳುಗಾಡಿ ದೂಡುತ್ತ, ದಣಿದಾಗ ಅದರ ಮೇಲೇ ಕೂರುತ್ತ ಓಡಾಡುತ್ತಿದ್ದರು. ನಮ್ಮ ಜಗಲಿಯ ಮೇಲೆ ಸೊಪ್ಪಿನ ಉಪ್ಪಿನಕಾಯಿ ಕಡಿಯುತ್ತ ಅಂಗಳವನ್ನೊಮ್ಮೆ ನೋಡಿದರು.

"ಹೂ ಬಿಡೋ ಕಾಲ ಬಂತಲ್ಲೇ ಹರುಯೊ. ಅಳಿಯನ್ನ ಇನ್ನೂ ಕರ್ಕೊಂಡ್ ಬಂದಿಲ್ವಾ?"

"ಯಾವ ಅಳಿಯ ಅಜ್ಜಿ?"

"ಅಯ್ಯೋ ಇವಳ! ಬಚ್ಚಲುಮನೆ ಹಿಂದೆ ಇದಾನಲ್ಲ, ಗಂಡು ಗಿಡ. ಇದು ಹೆಣ್ಣು, ಅದು ಗಂಡು. ಅದರ ಹೂವಿನ ಹುಡಿ ತಾಗದೆ ಇದು ಎಲ್ಲಿಂದ ಹಣ್ಣು ಬಿಡ್ಬೇಕು? ನಿಮ್ಮತ್ತೆ ಅದನ್ನ ಮನೆಅಳಿಯ ಅಂತಿದ್ಲು."

ಕೈಯಲ್ಲಿದ್ದ ಚಹಾ ಬಟ್ಟಲನ್ನು ನಾನು ಕೆಳಗಿಟ್ಟೆ.

ಅಜ್ಜಿ ತಮ್ಮಷ್ಟಕ್ಕೆ ಹೇಳುತ್ತ ಹೋದರು. ಮಾವ ಆ ಹೆಣ್ಣು ಗಿಡವನ್ನು ತಂದ ಮೊದಲ ನಾಲ್ಕು ವರ್ಷ ಅದು ಹಣ್ಣು ಬಿಟ್ಟಿರಲಿಲ್ಲವಂತೆ. ಅತ್ತೆಗೂ ಆಗಿನ್ನೂ ಮಕ್ಕಳಾಗಿರಲಿಲ್ಲ. ಶರತ್ಕಾಲದ ಗಿಡಗಳ ಕೂಟದಲ್ಲಿ ಊರಿನ ಗಂಡಸರು ಕುಡಿದು, ಆ ಮನೆಅಳಿಯನ ಕೈಯಲ್ಲಿ ಗಿಡವೂ ಫಲ ಬಿಡುವುದಿಲ್ಲ ಎಂದು ನಕ್ಕರಂತೆ. ಮಾವ ಜಗಳವಾಡಿಕೊಂಡು ಬಂದು ಯಾರೊಡನೆಯೂ ಮಾತಾಡಲಿಲ್ಲ. ಅತ್ತೆ ಸದ್ದಿಲ್ಲದೆ ದೇವಾಲಯದ ತೋಟದ ಗಂಡು ಗಿಡದಿಂದ ಒಂದು ಕಡ್ಡಿ ಮುರಿದು ತಂದು ಬಚ್ಚಲುಮನೆ ಹಿಂದೆ ಚಿಗುರಿಸಿದರು. ಅದು ಹೂಬಿಟ್ಟ ವರ್ಷ, ಜೂನ್ ತಿಂಗಳಲ್ಲಿ ಮಾವ ಊರಲ್ಲಿಲ್ಲದಾಗ, ಎತ್ತಿಕೊಂಡು ಹೋಗಿ ಹಲಗೆಯ ಮೇಲೆ ಜೋಡಿಯಾಗಿ ಮೂರು ದಿನ ಇಟ್ಟರು. ಹೂವಿನ ಹುಡಿ ಮಳೆಗೆ ತೊಳೆದುಹೋಗದಂತೆ ಎರಡರ ಮೇಲೂ ಒಂದೇ ಕೊಡೆ.

"ಗಂಡನಿಗೆ ಗೊತ್ತಾಗ್ಬಾರ್ದು ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು. ತನ್ನ ಕೈಚಳಕದಿಂದಾನೇ ಹಣ್ಣಾಯ್ತು ಅಂದ್ಕೊಂಡಿರ್ಲಿ ಪಾಪ, ಅಂತ. ದೇವಾಲಯದ ತೋಟದ ಗಂಡು ಗಿಡದ ಹುಡಿನ ಜೇನುಹುಳ ತರುತ್ತೆ ಅಂತ ಅವನು ಹೇಳ್ಕೊಂಡ್ ತಿರುಗ್ತಿದ್ದ. ಆ ಗಿಡ ಕಡಿದು ಮೂವತ್ತು ವರ್ಷ ಆಯ್ತು. ಇರ್ಲಿ, ಅಳಿಯ ಎಲ್ಲಿ?"

"ಗೊಂಡಾನ ಕಸದ ಗಾಡಿಗೆ ಹಾಕಿದೆ," ಎಂದೆ. ಹೇಳುವಾಗಲೇ ಅಳು ಬಂತು.

ಅಜ್ಜಿ ಕಡಿಯುವುದನ್ನು ನಿಲ್ಲಿಸಿದರು. "ನಿನ್ನ ಬುದ್ಧಿಗಿಷ್ಟು," ಎಂದರು. ನನ್ನ ಬೆನ್ನಿಗೊಂದು ಗುದ್ದಿ, "ಎದ್ದೇಳು, ಗೊಂಡಾನ್ನ ಕೇಳು," ಎಂದರು.

ಅರ್ಧಕ್ಕೆ ಬಿಟ್ಟ ಚಹಾ ಆರುವ ಮೊದಲೇ ನಾನು ಗೊಂಡಾನ ಕೊಟ್ಟಿಗೆಯ ಮುಂದಿದ್ದೆ. ಅವನು ಚಕ್ರಕ್ಕೆ ಗಾಳಿ ತುಂಬುತ್ತಿದ್ದ. ಸುಟ್ಟುಬಿಟ್ಟೆ ಎಂದು ಅವನು ಹೇಳುವುದನ್ನು ಕೇಳಲು ನಾನು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ಆ ಗಿಡಾನಾ ಅಕ್ಕ? ಬೇರು ಚೆನ್ನಾಗಿತ್ತು, ಸುಡೋಕೆ ಮನಸ್ಸು ಬರ್ಲಿಲ್ಲ. ಮೇಲಿನ ಗದ್ದೆ ತೂಬಿನ ಹತ್ರ ನೆಟ್ಟೆ. ಸೋಮಾರಿ ನನ್ಮಗಂದು, ಒಂದು ಹಣ್ಣೂ ಕೊಡಲ್ಲ. ಈ ಚಳಿಗಾಲಕ್ಕೆ ಕಡಿಯೋಣ ಅಂತಿದ್ದೆ."

ಅವನ ಎಣ್ಣೆ ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನಾನು ತಲೆ ಬಾಗಿಸಿದೆ. ಅವನು ಗಾಬರಿಯಾಗಿ ತಾನೂ ಬಾಗಿದ.

ಮೇಲಿನ ಗದ್ದೆಗೆ ಹತ್ತಿ ಹೋದೆ. ನಾಟಿಯಾಗಿ ಹದಿನೈದು ದಿನವಾಗಿತ್ತು, ಗದ್ದೆಗಳಲ್ಲಿ ನೀರು ತುಂಬಿ ನಿಂತಿತ್ತು. ಮಂಜು ಎಲ್ಲಿ ಮುಗಿಯುತ್ತದೆ, ನೀರು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಬದುವಿನ ಮೇಲೆ ನಡೆಯುತ್ತಿದ್ದರೆ ಎರಡೂ ಕಡೆ ಆಕಾಶ, ನಡುವೆ ನಾನೊಬ್ಬಳು. ತೂಬಿನ ಹತ್ತಿರ ಒಂದು ಗಿಡ ಸೊಂಟದ ಎತ್ತರಕ್ಕೆ ಬೆಳೆದು ನಿಂತಿತ್ತು. ಕುಂಡದಲ್ಲಿ ಮುದುಡಿಕೊಂಡಿದ್ದವನು ಒಂದೂವರೆ ವರ್ಷದಲ್ಲಿ ಕೈಕಾಲು ಚಾಚಿಕೊಂಡಿದ್ದ. ಹತ್ತಿರ ಹೋದಾಗ ಗುಂಯ್ ಎನ್ನುವ ಸದ್ದು. ಎಲೆಯ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಪುಟ್ಟ, ತಿಳಿ ನೇರಳೆ ಹೂಗಳು, ಅವುಗಳ ತುಂಬ ಜೇನುಹುಳ. ಅವನ ಹೂವನ್ನು ನಾನು ನೋಡಿದ್ದು ಅದೇ ಮೊದಲು. ಜೂನ್ ತಿಂಗಳೆಂದರೆ ನನಗೆ ಸೇಬಿನ ತೋಟಗಳಲ್ಲಿ ಹೀಚು ಕೀಳುವ ಕೂಲಿ, ಕತ್ತಲಿಗೆ ಹೋಗಿ ಕತ್ತಲಿಗೆ ಬರುತ್ತಿದ್ದೆ. ಅವನು ನಮ್ಮ ಬಚ್ಚಲುಮನೆಯ ಹಿಂದೆ ಪ್ರತಿವರ್ಷ ಹೀಗೆ ಹೂಬಿಟ್ಟುಕೊಂಡು ನಿಂತಿದ್ದ. "ತಪ್ಪಾಯ್ತು ಕಣಪ್ಪ," ಎಂದು ಗಟ್ಟಿಯಾಗಿಯೇ ಹೇಳಿದೆ.

ಈಗ ಅವನನ್ನು ಕೀಳುವಂತಿರಲಿಲ್ಲ. ತುಂಬಿದ ಎಲೆಯಲ್ಲಿ ಬೇರು ಅಲುಗಿಸಿದರೆ ಗಿಡ ಉಳಿಯುವುದಿಲ್ಲ. ಹಿಸಾನೊ ಅಜ್ಜಿ ಸುಲಭದ ದಾರಿ ಹೇಳಿದರು: "ಒಂದು ಕೊಂಬೆ ಕತ್ತರಿಸ್ಕೊಂಡ್ ಬಾ, ಬಾಟ್ಲಿ ನೀರಿಗೆ ಹಾಕಿ ಪಕ್ಕದಲ್ಲಿಡು, ಆಯ್ತು." ಎಲ್ಲರೂ ಹಾಗೇ ಮಾಡುತ್ತಾರಂತೆ. ನನಗೆ ಆಗಲಿಲ್ಲ. ಇಡೀ ಆಸಾಮಿಯನ್ನು ಕಸಕ್ಕೆ ಎಸೆದವಳು, ಈಗ ಬೇಕಾಯಿತೆಂದು ಹೋಗಿ ಕೈ ಕತ್ತರಿಸಿ ತರುವುದು ಯಾವ ನ್ಯಾಯ? ಹಾಗಿದ್ದರೆ ಹೆಣ್ಣನ್ನೇ ಅವನ ಹತ್ತಿರ ಕರೆದುಕೊಂಡು ಹೋಗಬೇಕು. ಮಾವ ಹಗಲೆಲ್ಲ ಜಗಲಿಯಲ್ಲೇ ಇರುತ್ತಾರೆ. ಅವರ ಕಣ್ಣೆದುರು ಗಿಡ ಹೊರಡಿಸುವುದು ಹೇಗೆ, ಹೊರಡಿಸಿದರೆ ಅತ್ತೆಯ ಆಣೆಯ ಗತಿಯೇನು ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತು.

ಮರುದಿನ ತಿಂಡಿಯ ಹೊತ್ತಿಗೆ ಮಾವ ತಾವಾಗಿಯೇ, "ನಾಳೆಯಿಂದ ಮೂರು ದಿನ ಬುಗ್ಗೆಗೆ ಹೋಗ್ಬರ್ತೀನಿ. ಮಂಡಿ ಹಿಡ್ಕೊಂಡಿದೆ," ಎಂದರು. ಹಿಂದಿನ ವರ್ಷ ಅವರು ಹೋಗಿರಲಿಲ್ಲ. ನನ್ನ ಅದೃಷ್ಟಕ್ಕೆ ನಾನೇ ಬೆರಗಾದೆ. ಅವರ ಟವೆಲ್ಲು, ಒಳಉಡುಪು, ಅನ್ನದ ಉಂಡೆ ಎಲ್ಲವನ್ನೂ ಎಷ್ಟು ಚುರುಕಾಗಿ ಕಟ್ಟಿಕೊಟ್ಟೆನೆಂದರೆ, "ಓಡಿಸೋಕೆ ಇಷ್ಟು ಆತುರಾನಾ?" ಎಂದರು.

ಕೂಲಿಗೆ ರಜೆ ಹಾಕಿದ ಆ ಮೂರು ದಿನ ನಿಜವಾಗಿ ನಡೆದವೋ ಕನಸೋ ಎಂದು ನನಗೆ ಈಗಲೂ ಒಮ್ಮೊಮ್ಮೆ ಅನುಮಾನ. ಬೆಳಗ್ಗೆ ಬೇಗ ಹಿಸಾನೊ ಅಜ್ಜಿಯ ತಳ್ಳುಗಾಡಿಯ ಮೇಲೆ ಹೆಣ್ಣು ಗಿಡವನ್ನಿಟ್ಟು, ಕುಂಡಕ್ಕೆ ಅತ್ತೆಯ ಹಳೆಯ ಸೊಂಟಪಟ್ಟಿ ಸುತ್ತಿ ಬಿಗಿದು, ಮೇಲೆ ಕೊಡೆ ಹಿಡಿದು ಹೊರಡುತ್ತಿದ್ದೆವು. ಗಾಡಿ ನನ್ನ ಕೈಯಲ್ಲಿ, ಕೊಡೆ ಅಜ್ಜಿಯ ಕೈಯಲ್ಲಿ. ಗಾಡಿ ಇಲ್ಲದ ಅಜ್ಜಿ ನನ್ನ ತೋಳಿಗೆ ಜೋತುಬಿದ್ದು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು.

"ಮೆಲ್ಲಗೆ ದೂಡೇ, ಮದುಮಗಳು ಕುಲುಕಿಹೋಗ್ತಾಳೆ."

"ಮದುಮಗಳಿಗಿಂತ ನೀವೇ ಭಾರ ಅಜ್ಜಿ."

"ನನ್ನನ್ನೂ ಯಾರಾದ್ರೂ ಹೀಗೆ ಕೊಡೆ ಹಿಡಿದು ಕರ್ಕೊಂಡ್ ಹೋಗಿದ್ರೆ ನಾನೂ ಹೂವಿನ ಹಾಗೆ ಇರ್ತಿದ್ದೆ."

ಮಳೆ ಸದ್ದಿಲ್ಲದೆ ಬೀಳುತ್ತಿತ್ತು. ಗದ್ದೆಯ ನೀರಿನಲ್ಲಿ ನಮ್ಮ ನೆರಳು ತಲೆಕೆಳಗಾಗಿ ನಮ್ಮ ಜೊತೆಗೇ ಬರುತ್ತಿತ್ತು, ಅಲ್ಲೂ ಒಂದು ಗಾಡಿ, ಒಂದು ಕೊಡೆ, ಒಂದು ಗಿಡ. ಒಂದು ಸಲ ಆ ನೀರೊಳಗಿನ ಕೊಡೆ ಹಿಡಿದವರು ಅತ್ತೆಯೇ ಎನಿಸಿ ನಾನು ನಿಂತುಬಿಟ್ಟೆ. ತೂಬಿನ ಹತ್ತಿರ ಎರಡು ಗಿಡಗಳನ್ನೂ ಕೊಂಬೆಗೆ ಕೊಂಬೆ ತಾಗುವ ಹಾಗೆ ಇಟ್ಟು, ದೊಡ್ಡ ಕೊಡೆಯನ್ನು ಗೂಟಕ್ಕೆ ಕಟ್ಟಿ, ನಾವು ಪ್ಲಾಸ್ಟಿಕ್ ಹಾಳೆಯ ಮೇಲೆ ಕೂರುತ್ತಿದ್ದೆವು. ಮಳೆ ಬಿಟ್ಟಾಗ ಜೇನುಹುಳಗಳು ಬರುತ್ತಿದ್ದವು. ಅವನಿಂದ ಎದ್ದು ಅವಳ ಮೇಲೆ ಕೂರುತ್ತಿದ್ದವು, ಅವಳಿಂದ ಎದ್ದು ಅವನ ಮೇಲೆ. ನಾವಿಬ್ಬರೂ ನಿದ್ದೆ ಹೋಗುತ್ತಿದ್ದೆವು, ಎಚ್ಚರಾದಾಗ ಕಪ್ಪೆಗಳು ಕೂಗುತ್ತಿದ್ದವು. ಸಂಜೆ ವಾಪಸ್. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ.

ಮಾವ ಬಂದರು. ಗಿಡ ತನ್ನ ಜಾಗದಲ್ಲಿತ್ತು. ಅವರು ಅದನ್ನು ನೋಡಿಯೂ ನೋಡದವರ ಹಾಗೆ ಒಳಗೆ ಹೋಗಿ, "ಮೂರು ದಿನ ಬೆಂದ ಮೂಲಂಗಿ ಆಗಿದ್ದೀನಿ. ಇವತ್ತು ತಣ್ಣೀರು ಸಾಕು," ಎಂದರು.

ಜುಲೈ ಕೊನೆಗೆ ಹಸಿರು ಕಾಳುಗಳು ಕಂಡವು. ಆಗಿನಿಂದ ನನಗೆ ನೆಮ್ಮದಿಯಿಲ್ಲ. ಬೇಸಿಗೆಯಲ್ಲಿ ಒಂದು ದಿನ ಕುಂಡ ಒಣಗಿದರೂ ಕಾಳು ಸುಕ್ಕಿ ಉದುರುತ್ತದೆ. ಮಧ್ಯಾಹ್ನ ಸೇಬಿನ ತೋಟದಿಂದ ಓಡಿಬಂದು ನೀರು ಹಾಕಿ ಮತ್ತೆ ಓಡುತ್ತಿದ್ದೆ. ಆಗಸ್ಟಿನಲ್ಲೊಂದು ದಿನ ಓಡಿಬಂದರೆ ಮಾವ ಆಗಲೇ ಚೊಂಬು ಹಿಡಿದು ನಿಂತಿದ್ದರು. "ಬುಡಕ್ಕೆ ಹಾಕು, ಎಲೆ ಮೇಲೆ ಸುರೀಬೇಡ. ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದು ಬೈದರು. ಒಂದೂವರೆ ವರ್ಷದಲ್ಲಿ ಅವರು ಗಿಡದ ವಿಷಯಕ್ಕೆ ಬೈದದ್ದು ಅದೇ ಮೊದಲು, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಕ್ಟೋಬರಿನಲ್ಲಿ ಕಾಳು ಕೆಂಪಾಗತೊಡಗಿದಾಗ ಪಿಕಳಾರ ಹಕ್ಕಿಗಳು ಸುಳಿದವು. ಮಾವ ಬಲೆ ಕಟ್ಟಿದರು, ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಹಕ್ಕಿಗಳ ಜೊತೆ ಅವರ ಜಗಳ ಬೀದಿಗೆ ಕೇಳುತ್ತಿತ್ತು.

ನವೆಂಬರಿನಲ್ಲಿ ಪೂಜೆಯ ಹಿಂದಿನ ರಾತ್ರಿ ಹಿಮ ಬಿತ್ತು. ಬೆಳಗ್ಗೆ ಎದ್ದು ನೋಡಿದರೆ ಪಾಚಿಯ ಮೇಲೆ ಹಳದಿ ಎಲೆಗಳೆಲ್ಲ ಬಿದ್ದು, ಗಿಡ ಬರೀ ಕೆಂಪಾಗಿ ನಿಂತಿತ್ತು. ಗೂಡಿನಲ್ಲಿಟ್ಟಾಗ ನಡುಮನೆಗೇ ಬಣ್ಣ ಬಂತು. ಭಿಕ್ಷುಗಳು ಮಂತ್ರ ಹೇಳಿ ಮುಗಿಸಿದರು, ನೆರೆಯವರು ಉಂಡರು, ಕುಡಿದರು. "ತೊಕುಜಿ, ನಿನ್ನ ಕೈ ಇನ್ನೂ ಸತ್ತಿಲ್ಲ ಬಿಡಪ್ಪ!" ಎಂದು ಹೊಗಳಿದರು. ಮಾವ ಎಂದಿನಂತೆ ಕತ್ತು ಕೆರೆದುಕೊಂಡು, "ದೇವಾಲಯದ ಕಡೆಯಿಂದ ಜೇನುಹುಳ ಬರುತ್ತೆ," ಎಂದರು. ಮೂಲೆಯಲ್ಲಿ ಹಿಸಾನೊ ಅಜ್ಜಿ ಬಟ್ಟಲಿನೊಳಗೆ ಮುಖ ಹುದುಗಿಸಿಕೊಂಡರು.

ಎಲ್ಲರೂ ಹೋದ ಮೇಲೆ ನಾನು ಮಾವನ ಮುಂದೆ ಕೂತೆ. ಅತ್ತೆಯ ಆಣೆ ಏನಾದರಾಗಲಿ, ನನ್ನ ತಪ್ಪು ನನ್ನದು, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವರ ಎದುರು ಏನೂ ಆಗದವಳಂತೆ ಓಡಾಡಲು ನನಗೆ ಆಗುತ್ತಿರಲಿಲ್ಲ. "ಮಾವ, ಹೋದ ವರ್ಷ ಹಣ್ಣು ಬಿಡದೇ ಇದ್ದದ್ದು ನನ್ನಿಂದ..." ಎಂದು ಶುರುಮಾಡಿದೆ.

"ಗೊತ್ತು," ಎಂದರು ಅವರು. "ಆಸ್ಪತ್ರೆಯಿಂದ ಬಂದ ದಿನಾನೇ ನೋಡ್ದೆ. ಬಚ್ಚಲುಮನೆ ಹಿಂದೆ ನೆಲದ ಮೇಲೆ ಕುಂಡದ ಗುಂಡು ಗುರುತಿತ್ತು. ಉಜ್ಜಿ ಉಜ್ಜಿ ನಿನ್ನ ಕೈಯೆಲ್ಲ ಒಡೆದುಹೋಗಿತ್ತು. ಏನಂತ ಹೇಳ್ಲಿ ನಿಂಗೆ?"

"ಬೇರೆ ಗಂಡು ಗಿಡ ತರಬಹುದಿತ್ತಲ್ಲ ಮಾವ!"

"ಅವನನ್ನ ತಂದೋಳು ಅವಳು. ನಾನು ಹೋಗಿ ಇನ್ನೊಬ್ಬನ್ನ ತರ್ಲಾ? ಮನಸ್ಸಾಗ್ಲಿಲ್ಲ." ಅವರು ಮೂಗೊರೆಸಿಕೊಂಡರು. "ಈ ಜೂನಲ್ಲಿ ಜಗಲಿ ಮೇಲೆ ನೀವಿಬ್ರೂ ಮಾತಾಡಿದ್ದು ಒಳಗೆಲ್ಲ ಕೇಳಿಸ್ತು. ಹಿಸಾನೊಗೆ ಕಿವಿ ಮಂದ, ಗಂಟಲು ಮಂದ ಅಲ್ಲ."

"ಹಾಗಾದ್ರೆ ಆ ಮಂಡಿ ನೋವು?" ಎಂದೆ.

"ಅಲ್ವೇ ಹರುಯೊ, ನಲವತ್ತು ವರ್ಷ ನಾನು ಜೂನ್ ಬಂದಾಗ ಬುಗ್ಗೆಗೆ ಹೋಗಿದ್ದೀನಿ. ಬಿಸಿನೀರು ಅಂದ್ರೆ ನಂಗೆ ಅಷ್ಟೊಂದು ಪ್ರೀತೀನಾ?"

ಅವರು ಎದ್ದು ತೀರಿಹೋದ ಹಿರಿಯರ ಪೂಜಾಮಂಟಪದ ಕೆಳಗಿನ ಗೂಡಿನಿಂದ ಒಂದು ಹಳೆಯ ಚಹಾ ಡಬ್ಬಿ ತಂದರು. ಮೊದಲನೇ ಸಲ ಬುಗ್ಗೆಯಿಂದ ವಾಪಸ್ ಬಂದಾಗ ಹೆಣ್ಣು ಗಿಡದ ಪಾಚಿಯ ಮೇಲೆ ಒಂದು ಗಂಡು ಹೂವು ಬಿದ್ದಿತ್ತಂತೆ. ಗೋಡೆ ದಾಟಿ ಹೂವು ತಾನಾಗಿ ಬರುವುದಿಲ್ಲ. ಮನೆ ಸುತ್ತಿ ನೋಡಿ, ಬಚ್ಚಲುಮನೆಯ ಹಿಂದೆ ಅವನನ್ನು ಕಂಡು, ಏನೂ ಕಾಣದವರಂತೆ ಬಂದು ಊಟಕ್ಕೆ ಕೂತರಂತೆ. ಅವಳು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ಬಿಚ್ಚಲು ಅವರಿಗೆ ಬಾಯಿ ಬರಲಿಲ್ಲ. ಪ್ರತಿವರ್ಷ ಪಾಚಿಯ ಮೇಲೆ ಬಿದ್ದ ಒಂದು ಹೂವನ್ನು ಎತ್ತಿ ಈ ಡಬ್ಬಿಗೆ ಹಾಕುತ್ತಿದ್ದರು.

ಮುಚ್ಚಳ ತೆಗೆದರು. ಒಳಗೆ ಹಳೆಯವೆಲ್ಲ ಪುಡಿಯಾಗಿ ಚಹಾದ ಹುಡಿಯಂತೆ ಕಂದಾಗಿದ್ದವು. ಮೇಲೊಂದು ಮಾತ್ರ ಇನ್ನೂ ಆಕಾರ ಉಳಿಸಿಕೊಂಡಿತ್ತು, ಅಂಚಿನಲ್ಲಿ ಚೂರೇ ಚೂರು ನೇರಳೆ.

"ಕೆಳಗಿರೋವೆಲ್ಲ ಅವಳದು," ಎಂದರು ಮಾವ. "ಮೇಲಿಂದು ನಿಂದು."

ನಾನು ಅತ್ತುಬಿಟ್ಟೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ, ಡಬ್ಬಿಯ ಮುಚ್ಚಳವನ್ನು ಎರಡು ಸಲ ಒತ್ತಿ ಮುಚ್ಚಿದರು. ಕುಂಡಗಳನ್ನು ವ್ಯಾಪಾರಿಗೆ ಕೊಡುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೂಗು ಒರೆಸಿಕೊಂಡು ಕೊನೆಗೆ ನಾನೇ ಹೇಳಿದೆ, "ಮುಂದಿನ ಜೂನಲ್ಲಿ ನೀವು ಬುಗ್ಗೆಗೆ ಹೋಗೋ ಕಷ್ಟ ಬೇಡ ಮಾವ. ಈಗ ಎಲ್ಲ ಗೊತ್ತಾಯ್ತಲ್ಲ, ಜೊತೇಲೇ ಗಾಡಿ ದೂಡೋಣ."

ಮಾವ ಗೂಡಿನಲ್ಲಿದ್ದ ಗಿಡವನ್ನು ನೋಡಿದರು, ಮಂಟಪದೊಳಗಿನ ಅತ್ತೆಯ ಫೋಟೋವನ್ನು ನೋಡಿದರು, ಧ್ವನಿ ತಗ್ಗಿಸಿದರು.

"ಮೆಲ್ಲಗೆ ಮಾತಾಡು. ಅವಳಿಗೆ ಇನ್ನೂ ಗೊತ್ತಿಲ್ಲ," ಎಂದರು. "ನಾನು ಬುಗ್ಗೆಗೆ ಹೋಗ್ತೀನಿ."